ತಿದ್ದಿದ ಫೋಟೋ ನೋಡಿ ಮುಂಗಡ ಕೊಡುವ ಮುಂಚೆ: ಕೊಡಗಿನ ಮದುವೆಗೆ ಮೇಕಪ್‌ನವರನ್ನೂ ಫೋಟೋಗ್ರಾಫರನ್ನೂ ಆರಿಸುವ ಸಮಗ್ರ ಮಾರ್ಗದರ್ಶಿ

ನನ್ನ ತಂಗಿಯ ಮದುವೆ ಆಲ್ಬಂ ಬಂದ ದಿನ ಮನೆಯವರೆಲ್ಲ ಕೈಯಾಲೆಯಲ್ಲಿ, ಅಂದರೆ ಮನೆಯ ಮುಂದಿನ ಜಗುಲಿಯಲ್ಲಿ, ಕೂತು ನೋಡಿದೆವು. ಫೋಟೋಗಳು ಮಿನುಗುತ್ತಿದ್ದವು. ಆದರೆ ಅದರಲ್ಲಿ ತಂಗಿ ಇರಲಿಲ್ಲ. ಅವಳದು ಅಪ್ಪನ ಬಣ್ಣ, ಎಣ್ಣೆಗಪ್ಪು. ಆಲ್ಬಂನಲ್ಲಿ ಇದ್ದದ್ದು ಬಿಳುಚಿಕೊಂಡ ಯಾರೋ ಹುಡುಗಿ. ಗಲ್ಲದ ಮೇಲಿನ ಮಚ್ಚೆ ಮಾಯವಾಗಿತ್ತು. ಪಕ್ಕದಲ್ಲಿ ನಿಂತ ಅಜ್ಜಿಯ ಮುಖದಲ್ಲಿ ಒಂದೇ ಒಂದು ಸುಕ್ಕಿರಲಿಲ್ಲ.

ಅದಾಗಿ ಎಂಟು ತಿಂಗಳಿಗೆ ಅಜ್ಜಿ ತೀರಿಕೊಂಡರು. ಗೋಡೆಗೆ ಹಾಕಲು ಒಂದು ಫೋಟೋ ಬೇಕಿತ್ತು. ಮದುವೆಯ ಫೋಟೋಗಳೇ ಅವರ ಕೊನೆಯ ಒಳ್ಳೆಯ ಫೋಟೋಗಳು. ತಿದ್ದದ ಮೂಲ ಫೈಲ್ ಕೊಡಿ ಅಂತ ಸ್ಟುಡಿಯೊಗೆ ಫೋನ್ ಮಾಡಿದೆ. ಅದನ್ನೆಲ್ಲ ಅಳಿಸಿ ಆಯ್ತು ಅಂದರು. ಇವತ್ತಿಗೂ ನಮ್ಮ ಗೋಡೆಯ ಮೇಲಿರುವುದು ಸುಕ್ಕಿಲ್ಲದ ಅಜ್ಜಿ. ನಾವು ಕಂಡ ಅಜ್ಜಿ ಅದಲ್ಲ.

ಆಮೇಲೆ ಚಿಕ್ಕಪ್ಪನ ಇಬ್ಬರು ಹೆಣ್ಣುಮಕ್ಕಳ ಮದುವೆಗೆ ಮೇಕಪ್, ಫೋಟೋ ಎರಡನ್ನೂ ನೋಡಿಕೊಳ್ಳುವ ಕೆಲಸ ನಾನೇ ಕೇಳಿ ತೆಗೆದುಕೊಂಡೆ. ಆಗ ಕಲಿತದ್ದನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ. ನಮ್ಮದು ಕೊಡವ ಮದುವೆ, ಹಾಗಾಗಿ ಉದಾಹರಣೆಗಳೂ ಅಲ್ಲಿಂದಲೇ ಬಂದಿವೆ. ನಿಮ್ಮ ಮನೆಯ ಶಾಸ್ತ್ರ ಬೇರೆ ಇರಬಹುದು, ನೋಡುವ ಕ್ರಮ ಮಾತ್ರ ಒಂದೇ.

ಹಂತ 1: ಇನ್‌ಸ್ಟಾಗ್ರಾಂ ತೆರೆಯುವ ಮೊದಲು ನಿಮ್ಮ ಮದುವೆಯ ದಿನ ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಳ್ಳಿ. ಯಾವ ಹೊತ್ತಿಗೆ ಏನು ನಡೆಯುತ್ತದೆ, ಎಲ್ಲಿ ನಡೆಯುತ್ತದೆ, ಅಲ್ಲಿ ಬೆಳಕು ಹೇಗಿರುತ್ತದೆ ಅಂತ ಬರೆಯಿರಿ. ಸುಮ್ನೆ ಕಾಣುವ ಈ ಹಾಳೆ ಮುಂದೆ ಎಲ್ಲ ಕಡೆ ಕೆಲಸಕ್ಕೆ ಬರುತ್ತದೆ.

ನಮ್ಮ ಮುಹೂರ್ತವನ್ನೇ ತೆಗೆದುಕೊಳ್ಳಿ. ಮದುಮಗಳು ಮುಕ್ಕಾಲಿಯ ಮೇಲೆ ಕೂರುತ್ತಾಳೆ. ಬಂದವರೆಲ್ಲ ಒಬ್ಬೊಬ್ಬರಾಗಿ ಅಕ್ಕಿ ಹಾಕಿ ಹರಸುತ್ತಾರೆ, ಕಿಂಡಿಯಿಂದ (ಮೂತಿಯಿರುವ ಸಣ್ಣ ಪಾತ್ರೆ) ಹಾಲು ಕುಡಿಸುತ್ತಾರೆ. ನೆಂಟರು ಜಾಸ್ತಿ ಇದ್ದರೆ ಇದು ಗಂಟೆಗಟ್ಟಲೆ ನಡೆಯುತ್ತದೆ. ಅಷ್ಟು ಸಲ ಹಾಲು ತಾಗಿದ ಮೇಲೂ ತುಟಿಯ ಬಣ್ಣ ನಿಲ್ಲಬೇಕು. ತಲೆಯ ಮೇಲೆ ವಸ್ತ್ರ ಇರುತ್ತದೆ. ಅಂದಮೇಲೆ ಪೋರ್ಟ್‌ಫೋಲಿಯೊದಲ್ಲಿ (ಅವರು ತಮ್ಮ ಕೆಲಸ ತೋರಿಸಲು ಹಾಕುವ ಚಿತ್ರಗಳಲ್ಲಿ) ನೀವು ಮೆಚ್ಚಿದ ಆ ದೊಡ್ಡ ಹೂವಿನ ಜಡೆ ಮುಹೂರ್ತದ ಹೊತ್ತಿನಲ್ಲಿ ಕಾಣುವುದೇ ಇಲ್ಲ. ಕಾಣುವುದು ಮುಖ, ಕುತ್ತಿಗೆ, ಕೈ ಮಾತ್ರ. ಕೂದಲಿಗೆ ಖರ್ಚು ಮಾಡುವುದಿದ್ದರೆ ರಿಸೆಪ್ಷನ್‌ಗೆ ಮಾಡಿ.

ಆಮೇಲೆ ಗಂಗಾಪೂಜೆ. ಮದುಮಗಳ ತಲೆಯ ಮೇಲೆ ನೀರಿನ ಕೊಡ, ಎದುರಿಗೆ ದಾರಿ ಬಿಡದೆ ವಾಲಗಕ್ಕೆ ಕುಣಿಯುವ ನೆಂಟರು. ಅದು ಎಷ್ಟು ಹೊತ್ತು ಹೋಗುತ್ತದೆ ಅಂತ ಯಾರಿಗೂ ಹೇಳಲಾಗದು. ಕತ್ತಲಾಗಿರುತ್ತದೆ. ಬೆಳಿಗ್ಗೆ ಹಾಕಿದ ಮೇಕಪ್ ಆ ಹೊತ್ತಿಗೆ ಹೇಗಿರುತ್ತದೆ, ಆ ಕತ್ತಲಲ್ಲಿ ಫೋಟೋ ಹೇಗೆ ಬರುತ್ತದೆ? ನೀವು ದುಡ್ಡು ಕೊಡುತ್ತಿರುವುದು ಈ ಎರಡಕ್ಕೆ.

ಹವೆಯನ್ನೂ ಬರೆದುಕೊಳ್ಳಿ. ಡಿಸೆಂಬರ್, ಜನವರಿಯ ಚಳಿಯಲ್ಲಿ ಚರ್ಮ ಒಣಗಿ ಬಿರಿಯುತ್ತದೆ. ಹೊಳಪಿಲ್ಲದ ಮ್ಯಾಟ್ ಫೌಂಡೇಶನ್ ಹಾಕಿದರೆ ಮೂಗಿನ ಪಕ್ಕ ಪದರ ಏಳುತ್ತದೆ. ಏಪ್ರಿಲ್, ಮೇ ಅಂದರೆ ಸೆಕೆ, ಮಧ್ಯಾಹ್ನ ಮೇಲೆ ಗುಡುಗು ಮಳೆ, ಕರೆಂಟ್ ಹೋಗುವುದು. ಒಂದೇ ಮೇಕಪ್ ಎರಡೂ ಕಾಲಕ್ಕೆ ಆಗದು.

ಹಂತ 2: ಪೋರ್ಟ್‌ಫೋಲಿಯೊ ನೋಡುವ ಕಣ್ಣು

ಮೊದಲು ಒಂದು ಮಾತು. ಮೇಕಪ್‌ನವರ ಪುಟದಲ್ಲಿ ನೀವು ನೋಡುವ ಚಿತ್ರ ಬಹಳ ಸಲ ಅವರೊಬ್ಬರ ಕೆಲಸವಲ್ಲ. ಫೋಟೋಗ್ರಾಫರ್ ತೆಗೆದು, ತಿದ್ದಿ, ಕಳಿಸಿದ ಚಿತ್ರವನ್ನೇ ಅವರು ಹಾಕಿರುತ್ತಾರೆ. ಆ ನುಣುಪು ಫೌಂಡೇಶನ್‌ನಿಂದ ಬಂತಾ, ಫೋಟೋಶಾಪ್‌ನಿಂದ ಬಂತಾ ಅಂತ ಚಿತ್ರ ನೋಡಿ ಹೇಳಲು ಆಗುವುದಿಲ್ಲ. ಎಷ್ಟೋ ಚಿತ್ರಗಳು ನಿಜವಾದ ಮದುವೆಯವೂ ಅಲ್ಲ, ಮಾಡೆಲ್ ಕೂರಿಸಿ ತೆಗೆದವು. ಒಂದೇ ಮೂರು ನಾಲ್ಕು ಮುಖ ಮತ್ತೆ ಮತ್ತೆ ಬೇರೆ ಬೇರೆ ಸೀರೆಯಲ್ಲಿ ಕಂಡರೆ ಅದು ಅಂಥದ್ದು. ತಪ್ಪೇನಿಲ್ಲ. ಆದರೆ ಐದು ನಿಮಿಷ ನಗುತ್ತಾ ಕೂರುವ ಮಾಡೆಲ್ ಬೇರೆ, ಇಡೀ ದಿನ ನಿಲ್ಲುವ ಮದುಮಗಳು ಬೇರೆ.

ಈಗ ಫೋಟೋವನ್ನು ದೊಡ್ಡದು ಮಾಡಿ ನೋಡಿ. ಮೊದಲು ಮುಖ ಬೇಡ, ಕೈ ನೋಡಿ. ಬೆರಳ ಗೆಣ್ಣು, ಕಿವಿ, ಕುತ್ತಿಗೆಯ ಹಿಂಭಾಗ ನೋಡಿ. ಮುಖ ಒಂದು ಬಣ್ಣ, ಕೈ ಇನ್ನೊಂದು ಬಣ್ಣ ಇದ್ದರೆ ಬಹಳ ಸಲ ಎರಡರಲ್ಲಿ ಒಂದು ಆಗಿರುತ್ತದೆ: ಚರ್ಮಕ್ಕಿಂತ ತೆಳು ಬಣ್ಣದ ಫೌಂಡೇಶನ್ ಬಳಿದಿದ್ದಾರೆ, ಇಲ್ಲ ಆಮೇಲೆ ಕಂಪ್ಯೂಟರ್‌ನಲ್ಲಿ ಮುಖವನ್ನು ಬೆಳ್ಳಗೆ ಮಾಡಿದ್ದಾರೆ.

ಆಮೇಲೆ ಕೆನ್ನೆ. ನಿಜವಾದ ಚರ್ಮದಲ್ಲಿ ಸಣ್ಣ ರಂಧ್ರಗಳಿರುತ್ತವೆ. ಕಿವಿಯ ಮುಂದೆ ನವಿರಾದ ಕೂದಲಿರುತ್ತದೆ. ನಕ್ಕಾಗ ಕಣ್ಣಿನ ಕೆಳಗೆ ಗೆರೆ ಬೀಳಲೇಬೇಕು. ಬಾಯಿ ತುಂಬ ನಗುವಿದ್ದು ಕಣ್ಣಿನ ಸುತ್ತ ಒಂದೂ ಗೆರೆ ಇಲ್ಲ ಅಂದರೆ ಅದನ್ನು ಅಳಿಸಿದ್ದಾರೆ.

ಒಡವೆ ನೋಡುವುದನ್ನು ನಾನು ಕಲಿತದ್ದು ನಮ್ಮ ಆಲ್ಬಂನಿಂದಲೇ. ಚರ್ಮ ನುಣುಪು ಮಾಡುವ ಸಾಫ್ಟ್‌ವೇರ್‌ನ್ನು ಗಮನವಿಲ್ಲದೆ ಓಡಿಸಿದರೆ ಚರ್ಮಕ್ಕೆ ತಾಗಿದ ಚಿನ್ನವೂ ಕರಗಿದ ಹಾಗೆ ಕಾಣುತ್ತದೆ. ತಂಗಿಯ ಕತ್ತಿನಲ್ಲಿದ್ದ ಪತ್ತಾಕಿನ (ನಮ್ಮ ಮದುಮಗಳ ಪದಕ) ಹಾವಿನ ಹೆಡೆಯ ಕೆತ್ತನೆ ಮಸುಕಾಗಿತ್ತು. ಜೋಮಾಲೆ ಅನ್ನುವ ಸರದ ಚಿನ್ನದ ಗುಂಡುಗಳು ಒಂದಕ್ಕೊಂದು ಅಂಟಿದ ಹಾಗಿದ್ದವು. ಅದು ಅಜ್ಜಿಯ ಅಜ್ಜಿಯಿಂದ ಬಂದ ಒಡವೆ. ಹಾಗಾಗಿ ಮದುಮಗಳ ಫೋಟೋ ನೋಡುವಾಗ ಅರ್ಧಚಂದ್ರದ ಪದಕದ ಕೊಕ್ಕೆತಾತಿಯ ಅಂಚು, ಸೀರೆಯ ಜರಿ ಎಳೆ ಎಳೆಯಾಗಿ ಕಾಣುತ್ತದಾ ಅಂತ ನೋಡಿ.

ನೆಟ್ಟಗಿರಬೇಕಾದ ಗೆರೆಗಳನ್ನೂ ಹುಡುಕಿ. ಸೊಂಟದ ಪಕ್ಕದ ಕಂಬ, ಬಾಗಿಲ ಚೌಕಟ್ಟು, ನೆಲದ ಟೈಲ್ಸ್ ಗೆರೆ. ಸೊಂಟ, ತೋಳು ಸಣ್ಣ ಮಾಡಲು ಚಿತ್ರವನ್ನು ಒಳಗೆ ಎಳೆದಾಗ ಪಕ್ಕದ ಕಂಬವೂ ಜೊತೆಗೆ ಬಾಗುತ್ತದೆ.

ಫೋಟೋದಲ್ಲಿರುವ ಬೇರೆಯವರನ್ನು ನೋಡಿ. ಆರು ವರ್ಷದ ಮಗು, ನಲವತ್ತರ ಅತ್ತೆ, ಎಂಬತ್ತರ ಅಜ್ಜ, ಎಲ್ಲರದ್ದೂ ಒಂದೇ ಥರದ ಚರ್ಮವಾ? ಹಾಗಾದರೆ ಎಲ್ಲ ಫೋಟೋಗಳನ್ನೂ ಒಟ್ಟಿಗೆ ಯಂತ್ರಕ್ಕೆ ಹಾಕಿ ತೆಗೆದಿದ್ದಾರೆ. ನನಗೆ ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಇದೇ. ನಿಮ್ಮ ಅಜ್ಜಿಗೂ ಅವರು ಹಾಗೇ ಮಾಡುತ್ತಾರೆ.

ಹಸಿರು ನೋಡಿ. ಈಗಿನ ಕೆಲವು ಪ್ರಿಸೆಟ್‌ಗಳಲ್ಲಿ (ಎಲ್ಲ ಫೋಟೋಗೂ ಒಂದೇ ಸಲ ಹಾಕುವ ಸಿದ್ಧ ಬಣ್ಣದ ಸೆಟ್ಟಿಂಗ್) ಗಿಡಮರದ ಹಸಿರು ಬೂದು ಕಂದಾಗಿ, ಕೆಂಪು ಇಟ್ಟಿಗೆ ಬಣ್ಣವಾಗಿ ಬರುತ್ತದೆ. ಮಳೆ ನಿಂತ ಮೇಲಿನ ಕಾಫಿ ತೋಟದ ಹಸಿರು ಹೇಗಿರುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಲ್ವಾ? ತೋಟದ ಬಣ್ಣವೇ ಹೀಗೆ ಬದಲಾದರೆ ಮುಖದ ಬಣ್ಣವೂ ಬದಲಾಗಿರುವ ಸಾಧ್ಯತೆ ಹೆಚ್ಚು. ನಮ್ಮೂರಿನವರಿಗೆ ಇನ್ನೊಂದು ಗುರುತೂ ಇದೆ. ಕಾಫಿ ಹೂ ಅರಳುವುದು ಬೇಸಿಗೆಯ ಹೂಮಳೆ ಬಿದ್ದ ಮೇಲೆ, ಅದೂ ಕೆಲವೇ ದಿನ. ಇದು ಡಿಸೆಂಬರ್ ಮದುವೆ ಅಂತ ಬರೆದು ಹಿಂದೆ ತೋಟವೆಲ್ಲ ಬೆಳ್ಳಗೆ ಅರಳಿದ್ದರೆ ಆ ಚಿತ್ರದ ಬಗ್ಗೆ ಒಂದು ಪ್ರಶ್ನೆ ಕೇಳಿಯೇ ಕೇಳಿ.

ತೀರಾ ಇಷ್ಟವಾದ ಚಿತ್ರಗಳನ್ನು, ಅಂಥದೇ ಚಿತ್ರ ಬೇರೆಲ್ಲಿದೆ ಅಂತ ತೋರಿಸುವ ಗೂಗಲ್ ಲೆನ್ಸ್‌ನಲ್ಲಿ ಹಾಕಿ ಹುಡುಕಿ. ಬೇರೆ ಊರಿನ ಬೇರೆಯವರ ಪುಟದಲ್ಲಿ ಅದೇ ಚಿತ್ರ ಸಿಕ್ಕಿದರೆ ಅಲ್ಲಿಗೆ ಬಿಟ್ಟುಬಿಡಿ.

ಹಂತ 3: ಪೋಸ್ಟ್ ಮಾಡದ್ದನ್ನು ಕೇಳಿ

ಮೇಕಪ್‌ನವರಿಗೆ ನಾನು ಕಳಿಸುವ ಮೆಸೇಜ್ ಇದು: "ಎಡಿಟ್ ಮಾಡದ, ಫಿಲ್ಟರ್ ಇಲ್ಲದ, ಕಿಟಕಿ ಬೆಳಕಿನಲ್ಲಿ ಫೋನ್‌ನಲ್ಲಿ ತೆಗೆದ ವಿಡಿಯೊ ಎರಡು ಮೂರು ಇದ್ದರೆ ನೋಡಬಹುದಾ? ಮೇಕಪ್ ಮುಗಿದ ಕೂಡಲೇ ತೆಗೆದದ್ದು ಒಂದು, ಸಂಜೆ ತೆಗೆದದ್ದು ಒಂದು ಇದ್ದರೆ ಒಳ್ಳೆಯದು. ನಮ್ಮ ಹುಡುಗಿಯದು ಕಪ್ಪು ಬಣ್ಣ, ಅಂಥ ಬಣ್ಣದವರದ್ದೇ ಇದ್ದರೆ ಇನ್ನೂ ಒಳ್ಳೆಯದು."

ಆ ಮದುಮಗಳ ಒಪ್ಪಿಗೆ ಇಲ್ಲ, ಕಳಿಸಲಾಗದು ಅಂದರೆ ಅದು ಸರಿಯಾದ ಉತ್ತರ, ಗೌರವಿಸಿ. ಅಂಥವರು ನಿಮ್ಮ ಫೋಟೋವನ್ನೂ ಹಾಗೇ ಕಾಪಾಡುತ್ತಾರೆ. ಅವರ ಕೆಲಸವನ್ನು ಟ್ರಯಲ್‌ನಲ್ಲಿ, ಅಂದರೆ ಮದುವೆಗೆ ಮುಂಚೆ ಒಮ್ಮೆ ಹಾಕಿಸಿ ನೋಡುವ ಮೇಕಪ್‌ನಲ್ಲಿ, ನೋಡಿದರಾಯ್ತು. ಆದರೆ "ನಮ್ಮ ಕೆಲಸಕ್ಕೆ ಎಡಿಟಿಂಗೇ ಬೇಡ" ಅಂತ ಮಾತಿನಲ್ಲೇ ಮುಗಿಸಿ ಏನನ್ನೂ ತೋರಿಸದವರಿಗೆ ನಾನು ಮುಂಗಡ ಕೊಡುವುದಿಲ್ಲ.

ಫೋಟೋಗ್ರಾಫರಿಗೆ ಬೇರೆ ಪ್ರಶ್ನೆ. ಆರಿಸಿದ ಇಪ್ಪತ್ತು ಚಿತ್ರ ಬೇಡ. ಒಂದೇ ಮದುವೆಯ ಪೂರ್ತಿ ಫೋಲ್ಡರ್ ಕೇಳಿ, ಬೆಳಿಗ್ಗೆಯಿಂದ ರಾತ್ರಿಯವರೆಗಿನದ್ದು. ನಿಮ್ಮ ಮದುವೆ ನಡೆಯುವ ಕೊಡವ ಸಮಾಜದ ಹಾಲ್‌ನಲ್ಲೇ ತೆಗೆದದ್ದಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಊಟದ ಸಾಲು, ಗುಂಪು ಫೋಟೋ, ಕತ್ತಲ ವಾಲಗ, ಇಂಥ ಕಡೆ ಕೆಲಸ ಗೊತ್ತಾಗುತ್ತದೆ. ಕುರ್ಚಿಯಲ್ಲಿ ಕೂತ ಮದುಮಗಳ ಫೋಟೋ ಎಲ್ಲರೂ ಚೆನ್ನಾಗಿ ತೆಗೆಯುತ್ತಾರೆ.

ಮತ್ತೆ, ನಮ್ಮದು ಸಣ್ಣ ಜಿಲ್ಲೆ. ಅದರ ಲಾಭ ತೆಗೆದುಕೊಳ್ಳಿ. ನಿಮ್ಮ ಒಕ್ಕದಲ್ಲೋ (ಮನೆತನದಲ್ಲೋ), ತಾಯಿ ಮನೆ ಕಡೆಯೋ ಯಾರಾದರೂ ಅವರನ್ನು ಕರೆಸಿಯೇ ಇರುತ್ತಾರೆ. ಫೋನ್ ಮಾಡಿ, ಒಂದು ಭಾನುವಾರ ಹೋಗಿ ಪ್ರಿಂಟ್ ಆದ ಆಲ್ಬಂ ನೋಡಿ ಬನ್ನಿ. ಆಲ್ಬಂ ಜೊತೆಗೆ ಆ ಹುಡುಗಿಯೂ ಎದುರಿಗೇ ಇರುತ್ತಾಳೆ. ಎರಡನ್ನೂ ಅಕ್ಕಪಕ್ಕ ನೋಡಿದರೆ ಹತ್ತು ನಿಮಿಷದಲ್ಲಿ ಎಲ್ಲ ತಿಳಿಯುತ್ತದೆ. ಅವಳ ಹತ್ತಿರ ಮೂರು ವಿಷಯ ಕೇಳಿ: ಸಂಜೆ ನಾಲ್ಕಕ್ಕೆ ಮೇಕಪ್ ಹೇಗಿತ್ತು, ಮಾತಾಡಿದವರೇ ಮದುವೆಗೆ ಬಂದರಾ, ಆಲ್ಬಂ ಹೇಳಿದ ದಿನಕ್ಕೆ ಕೈಗೆ ಬಂತಾ.

ಹಂತ 4: ಟ್ರಯಲ್ ಬಿಡಬೇಡಿ

ಟ್ರಯಲ್‌ಗೆ ದುಡ್ಡು ಕೇಳುತ್ತಾರೆ. ಕೊಡಿ. ಇಡೀ ಖರ್ಚಿನಲ್ಲಿ ಇದಕ್ಕಿಂತ ಸಾರ್ಥಕ ಖರ್ಚು ನನಗೆ ಕಂಡಿಲ್ಲ.

ಮದುವೆಗೆ ಒಂದೆರಡು ತಿಂಗಳು ಮೊದಲು, ಹಗಲಿನಲ್ಲಿ ಮಾಡಿಸಿ. ವಸ್ತ್ರ, ರವಿಕೆ, ಒಂದಾದರೂ ನಿಜವಾದ ಒಡವೆ ತೆಗೆದುಕೊಂಡು ಹೋಗಿ. ಸೀರೆಯ ಕೆಂಪು ಮುಖದ ಪಕ್ಕ ಬಂದಾಗ ಮೇಕಪ್ ಬೇರೆಯೇ ಕಾಣುತ್ತದೆ. ನಮ್ಮ ಸೀರೆ ಉಡಿಸಲು ಬರುತ್ತದಾ ಅಂತಲೂ ಅಲ್ಲೇ ನೋಡಿ. ನೆರಿಗೆ ಹಿಂದೆ, ಸೆರಗು ಎಡ ಕಂಕುಳ ಕೆಳಗಿನಿಂದ ಬಂದು ಬಲ ಭುಜದ ಮೇಲೆ. ಹೊರಗಿನಿಂದ ಬರುವ ಎಷ್ಟೋ ಒಳ್ಳೆಯ ಕೈಗಳಿಗೆ ಇದರ ರೂಢಿ ಇರುವುದಿಲ್ಲ. ಮನೆಯ ಹಿರಿಯರು ಉಡಿಸುವುದಾದರೆ ಯಾರು, ಎಷ್ಟು ಹೊತ್ತಿಗೆ ಅಂತ ಮೊದಲೇ ಮಾತಾಗಲಿ.

ಅಂಟು ರೆಪ್ಪೆ ಹಾಕುವುದಾದರೆ ಆ ಅಂಟನ್ನು, ಜೊತೆಗೆ ಫೌಂಡೇಶನ್‌ನ್ನು ಮೊಣಕೈಯ ಒಳಭಾಗಕ್ಕೆ ಹಚ್ಚಿ ಎರಡು ದಿನ ನೋಡಿ. ತುರಿಕೆ, ಕೆಂಪು ಬಂದರೆ ಬೇರೆ ತರಿಸಿ. ಮದುವೆಗೆ ಮುಂಚೆ ಹೊಳಪು ಬರುತ್ತದೆ ಅಂತ ಹೆಸರಿಲ್ಲದ ಡಬ್ಬಿಯಲ್ಲಿ ಕೊಡುವ ಕ್ರೀಮ್ ಮಾತ್ರ ಮುಟ್ಟಬೇಡಿ. ಅಂಥವುಗಳಲ್ಲಿ ಸ್ಟಿರಾಯ್ಡೋ ಪಾದರಸವೋ ಇರುವ ಅಪಾಯವಿದೆ. ಒಂದು ವಾರ ಹೊಳೆಯುವ ಮುಖ ಆಮೇಲೆ ತಿಂಗಳುಗಟ್ಟಲೆ ಉರಿಯಬಹುದು.

"ಎಚ್‌ಡಿ" (ಹೈ ಡೆಫಿನಿಷನ್ ಕ್ಯಾಮರಾಗೆ ಅಂತ ಹೇಳುವ ಮೇಕಪ್), "ಏರ್‌ಬ್ರಷ್" (ಸಣ್ಣ ಯಂತ್ರದಿಂದ ಸಿಂಪಡಿಸುವ ಮೇಕಪ್) ಅನ್ನುವ ಹೆಸರುಗಳಿಗೆ ಜಾಸ್ತಿ ದುಡ್ಡು ಕೊಡುವ ಮುಂಚೆ ಎರಡನ್ನೂ ಅರ್ಧ ಅರ್ಧ ಮುಖಕ್ಕೆ ಹಾಕಿ ತೋರಿಸಲು ಕೇಳಿ. ಹೆಸರಿಗಿಂತ ಹಾಕುವ ಕೈ ಮುಖ್ಯ.

ಮೇಕಪ್ ಮುಗಿದ ಮೇಲೆ ಹೊರಗೆ ಬನ್ನಿ. ಅಂಗಡಿಯ ಕನ್ನಡಿ, ರಿಂಗ್ ಲೈಟ್ ಎರಡನ್ನೂ ನಂಬಬೇಡಿ. ರಿಂಗ್ ಲೈಟ್ ಎದುರಿನಿಂದ ಸಮನಾಗಿ ಬೆಳಕು ಚೆಲ್ಲುತ್ತದೆ, ಮುಖದ ಏರುತಗ್ಗು ನೆರಳಿಲ್ಲದೆ ಮುಚ್ಚಿಹೋಗುತ್ತದೆ. ಬಯಲಲ್ಲಿ ನಿಂತು, ಫೋನಿನ ಬ್ಯೂಟಿ ಮೋಡ್ ತೆಗೆದು, ಹಿಂದಿನ ಕ್ಯಾಮರಾದಲ್ಲಿ ತೆಗೆಸಿಕೊಳ್ಳಿ. ಎಷ್ಟೋ ಫೋನ್‌ಗಳಲ್ಲಿ ಸೆಲ್ಫಿಗೆ ಬ್ಯೂಟಿ ಮೋಡ್ ಮೊದಲೇ ಆನ್ ಇರುತ್ತದೆ. ಆಮೇಲೆ ಕತ್ತಲ ಕೋಣೆಗೆ ಹೋಗಿ ಫ್ಲ್ಯಾಶ್ ಹಾಕಿ ಒಂದು ತೆಗೆಯಿರಿ. ಸನ್‌ಸ್ಕ್ರೀನ್‌ನಲ್ಲಿರುವ ಟೈಟಾನಿಯಂ ಡೈಆಕ್ಸೈಡ್, ಸತು ಆಕ್ಸೈಡ್, ಕೆಲವು ಬಿಳಿ ಪುಡಿಗಳಲ್ಲಿನ ಸಿಲಿಕಾ ಫ್ಲ್ಯಾಶ್ ಬೆಳಕನ್ನು ಹಿಂದಕ್ಕೆ ಎಸೆಯುತ್ತವೆ. ಕಣ್ಣಿಗೆ ಚೆನ್ನಾಗಿ ಕಂಡ ಮುಖ ಫೋಟೋದಲ್ಲಿ ಬೂದಿ ಬಳಿದ ಹಾಗೆ ಬರುತ್ತದೆ. ಗಂಗಾಪೂಜೆಯ ಹೊತ್ತಿಗೆ ಫ್ಲ್ಯಾಶ್ ಹಾಕುತ್ತಾರೆ, ಅದಕ್ಕೇ ಈ ಪರೀಕ್ಷೆ.

ಮನೆಗೆ ಬಂದ ಮೇಲೆ ಮುಖ ತೊಳೆಯಬೇಡಿ. ಹಾಲು ಕುಡಿಯಿರಿ, ಊಟ ಮಾಡಿ, ಮೆಟ್ಟಿಲು ಹತ್ತಿ ಇಳಿಯಿರಿ. ಮೂರು ಗಂಟೆ ಕಳೆದ ಮೇಲೆ ಒಂದು, ಆರು ಗಂಟೆ ಕಳೆದ ಮೇಲೆ ಒಂದು ಫೋಟೋ ತೆಗೆಯಿರಿ. ಈ ಫೋಟೋಗಳೇ ನಿಮ್ಮ ನಿಜವಾದ ಪೋರ್ಟ್‌ಫೋಲಿಯೊ. ಚಿಕ್ಕಪ್ಪನ ಮೊದಲ ಮಗಳು ಹೀಗೆ ಮಾಡಿ, ಇನ್‌ಸ್ಟಾಗ್ರಾಂನಲ್ಲಿ ಹೆಸರಾದ ಒಬ್ಬರನ್ನು ಬಿಟ್ಟು ಪುಟವೇ ಇಲ್ಲದ, ಊರಿನಲ್ಲೇ ಸಣ್ಣ ಪಾರ್ಲರ್ ನಡೆಸುವವರನ್ನು ಆರಿಸಿದಳು. ಆರು ಗಂಟೆ ಕಳೆದ ಮೇಲಿನ ಫೋಟೋದಲ್ಲಿ ಈ ಪಾರ್ಲರ್‌ನವರ ಕೆಲಸವೇ ನಿಂತಿತ್ತು.

ಹಂತ 5: ಫೋಟೋಗ್ರಾಫರಿಗೆ ನಮ್ಮ ಮದುವೆಯೇ ಪರೀಕ್ಷೆ

ಕೊಡವ ಮದುವೆ ಕ್ಯಾಮರಾಗೆ ಸುಲಭವಲ್ಲ. ಮದುಮಗ ಬಿಳಿ ಕುಪ್ಯ (ಮಂಡಿಯವರೆಗೆ ಬರುವ ಕೊಡವ ನಿಲುವಂಗಿ), ಪಕ್ಕದಲ್ಲಿ ನೆಂಟರು ಕಪ್ಪು ಕುಪ್ಯ, ನಡುವೆ ಕಡುಕೆಂಪು ರೇಷ್ಮೆಯ ಮದುಮಗಳು. ಬಿಳಿಗೆ ಸರಿ ಮಾಡಿದರೆ ಕಪ್ಪು ಒಂದು ಮುದ್ದೆ. ಕಪ್ಪಿಗೆ ಸರಿ ಮಾಡಿದರೆ ಬಿಳಿ ಸುಟ್ಟುಹೋಗುತ್ತದೆ. ಡಿಜಿಟಲ್ ಕ್ಯಾಮರಾದಲ್ಲಿ ಕೆಂಪು ಬೇಗ ತುಂಬಿ ಹರಿಯುತ್ತದೆ, ಆಗ ಸೀರೆಯ ಮಡಿಕೆಗಳೆಲ್ಲ ಒಂದೇ ಕೆಂಪು ಹಾಳೆಯಾಗುತ್ತವೆ. ಅವರು ತೋರಿಸಿದ ಫೋಲ್ಡರ್‌ನಲ್ಲಿ ಇಂಥ ಒಂದು ಗುಂಪು ಫೋಟೋ ಹುಡುಕಿ. ಬಿಳಿ ಬಟ್ಟೆಯ ಹೊಲಿಗೆ, ಕಪ್ಪು ಬಟ್ಟೆಯ ಮಡಿಕೆ, ಸೀರೆಯ ನೆರಿಗೆ ಮೂರೂ ಕಂಡರೆ ಅವರಿಗೆ ಬೆಳಕು ಗೊತ್ತು.

ಐನ್‌ಮನೆಯಲ್ಲಿ (ಮನೆತನದ ಹಿರಿಯರ ಮನೆಯಲ್ಲಿ) ಶಾಸ್ತ್ರ ಇದ್ದರೆ ಒಳಗಿನ ಕತ್ತಲನ್ನು ಹೇಗೆ ನಿಭಾಯಿಸುತ್ತೀರಿ ಅಂತ ಕೇಳಿ. ಹಳೆಯ ಮರದ ಮನೆ, ನೆಲ್ಲಕ್ಕಿಯ (ನಡುಮನೆಯ) ದೀಪದ ಬೆಳಕು. ಅಲ್ಲಿ ದೊಡ್ಡ ಲೈಟ್ ಹೊತ್ತಿಸಿದರೆ ದೀಪ ಇದ್ದೂ ಇಲ್ಲದ ಹಾಗೆ. ಹಾಲ್‌ನಲ್ಲಿ ನೇರಳೆ, ಗುಲಾಬಿ ಎಲ್‌ಇಡಿ ಅಲಂಕಾರವಿದ್ದರೆ ಮುಖಕ್ಕೂ ಅದೇ ಬಣ್ಣ ಬೀಳುತ್ತದೆ, ಅದನ್ನು ಆಮೇಲೆ ಪೂರ್ತಿ ತೆಗೆಯಲು ಆಗದು. ಇದನ್ನು ಅಲಂಕಾರದವರಿಗೆ ಹೇಳಬೇಕು: ಮುಹೂರ್ತದ ಜಾಗಕ್ಕೆ ಬಿಳಿ ಬೆಳಕು ಸಾಕು.

ಒಂದೇ ಹೊತ್ತಿಗೆ ಎರಡು ಮೆಮೊರಿ ಕಾರ್ಡ್‌ಗೆ ಬರೆಯುವ ಕ್ಯಾಮರಾ ಇದೆಯಾ, ಅದೇ ರಾತ್ರಿ ಕಾಪಿ ಮಾಡುತ್ತೀರಾ ಅಂತ ಕೇಳಿ. ಡ್ರೋನ್ ತರುತ್ತೇವೆ ಅಂದರೆ, 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂಗಿಂತ ಹೆಚ್ಚು ತೂಕದ ಡ್ರೋನ್‌ನ್ನು ಹೀಗೆ ದುಡಿಮೆಗೆ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕು. ಅದನ್ನು ತೋರಿಸಲಿ.

ಬೆಂಗಳೂರು, ಮೈಸೂರಿನಿಂದ ಕರೆಸುವುದಾದರೆ ಹಿಂದಿನ ದಿನವೇ ಬಂದು ಉಳಿಯಬೇಕು ಅಂತ ಷರತ್ತು ಹಾಕಿ. ನಮ್ಮ ಜಿಲ್ಲೆಗೆ ರೈಲಿಲ್ಲ. ಬೆಳಗಿನ ಮಂಜಿನಲ್ಲಿ ಘಟ್ಟದ ರಸ್ತೆ ನಂಬಿ ಮುಹೂರ್ತ ಇಟ್ಟುಕೊಳ್ಳಲಾಗದು. ವಸತಿ, ಊಟ, ಪ್ರಯಾಣ ಎಲ್ಲ ಸೇರಿದ ಮೊತ್ತವನ್ನು ಊರಿನವರ ಮೊತ್ತದ ಪಕ್ಕ ಇಟ್ಟು ನೋಡಿ.

ಹಂತ 6: ಎಷ್ಟು ತಿದ್ದಬಹುದು ಅನ್ನುವುದು ಕಾಗದದಲ್ಲಿರಲಿ

ತಿದ್ದುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಮದುವೆಯ ದಿನವೇ ಎದ್ದ ಮೊಡವೆ ಹೋಗಲಿ. ನಮ್ಮ ಮನೆಯಲ್ಲಿ ಈಗ ಒಂದು ಅಳತೆ ಇದೆ. ವಾರದಲ್ಲಿ ತಾನೇ ಮಾಯವಾಗುವಂಥದ್ದನ್ನು ಅಳಿಸಬಹುದು. ಯಾವಾಗಲೂ ಇರುವಂಥದ್ದನ್ನು ಮುಟ್ಟಬಾರದು. ಮಚ್ಚೆ, ಕಲೆ, ಸುಕ್ಕು, ಮೈಬಣ್ಣ, ಮೈಕಟ್ಟು ಎರಡನೆಯ ಸಾಲಿಗೆ ಸೇರುತ್ತವೆ.

ಚಿಕ್ಕಪ್ಪನ ಮನೆಯ ಮದುವೆಗೆ ಒಪ್ಪಂದದಲ್ಲಿ ಹೀಗೆ ಬರೆಸಿದೆವು: "ಮೈಬಣ್ಣ ತೆಳು ಮಾಡಬಾರದು. ದೇಹದ ಆಕಾರ ಬದಲಿಸಬಾರದು. ಹಿರಿಯರ ಮುಖದ ಸುಕ್ಕು ಅಳಿಸಬಾರದು. ಎಲ್ಲ ಮೂಲ ಫೈಲ್‌ಗಳನ್ನು ಹಾರ್ಡ್ ಡಿಸ್ಕ್‌ಗೆ ಹಾಕಿ ಕೊಡಬೇಕು, ನಾವು ನೋಡಿ ಒಪ್ಪುವವರೆಗೆ ಅಳಿಸಬಾರದು." ಫೋಟೋಗ್ರಾಫರ್ ಬೇಸರ ಮಾಡಿಕೊಳ್ಳಲಿಲ್ಲ. ಕೆಲಸ ಕಡಿಮೆಯಾಯ್ತು ಅಂದರು.

ಇನ್ನೂ ಬರೆಸಬೇಕಾದದ್ದು: ಮದುವೆಗೆ ಬರುವ ವ್ಯಕ್ತಿಯ ಹೆಸರು, ಅವರಿಗೆ ಆಗದಿದ್ದರೆ ಬದಲಿಗೆ ಯಾರು, ಆಲ್ಬಂ ಕೊಡುವ ದಿನ, ಬಾಕಿ ದುಡ್ಡು ಯಾವಾಗ, ನಿಮ್ಮ ಫೋಟೋಗಳನ್ನು ಅವರ ಪುಟದಲ್ಲಿ ಹಾಕಬಹುದಾ ಬೇಡವಾ. ಪೂರ್ತಿ ದುಡ್ಡು ಮೊದಲೇ ಕೊಡಬೇಡಿ. ಕೊಟ್ಟದ್ದಕ್ಕೆಲ್ಲ ರಸೀದಿ ಇರಲಿ.

ಕಾನೂನಿನ ಎರಡು ಮಾತು ತಿಳಿದಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ತೆಗೆಸಿದವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಹಾಗಾಗಿ ಅವರು ಕೊಡುವ ಫಾರಂನಲ್ಲಿ ಹಕ್ಕು ಸ್ಟುಡಿಯೊದ್ದು ಅಂತ ಸಣ್ಣ ಅಕ್ಷರದಲ್ಲಿ ಇದೆಯಾ ಅಂತ ನೋಡಿಯೇ ಸಹಿ ಮಾಡಿ. ಇನ್ನೊಂದು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಸ್ಟುಡಿಯೊ ಬೆಂಗಳೂರಿನದಾದರೂ ನೀವು ಅಲ್ಲಿಗೆ ಓಡಬೇಕಾಗಿಲ್ಲ.

ಹಂತ 7: ಮದುವೆಯ ದಿನ, ಮತ್ತೆ ಅದರ ನಂತರ

ಮೇಕಪ್‌ಗೆ ಕಿಟಕಿ ಪಕ್ಕದ ಕೋಣೆ ಬಿಡಿಸಿಡಿ. ಕರೆಂಟ್ ಹೋದರೆ ಅಂತ ಚಾರ್ಜ್ ಆದ ಲೈಟ್ ಒಂದು ಇರಲಿ. ಮೇಕಪ್‌ನವರಿಗೂ ಫೋಟೋಗ್ರಾಫರಿಗೂ ಹಿಂದಿನ ದಿನವೇ ಒಮ್ಮೆ ಮಾತಾಡಿಸಿ. ಬೆವರು ಬಂದಾಗ ಒತ್ತಿ ತೆಗೆಯಲು ಟಿಶ್ಯೂ, ತುಟಿಬಣ್ಣ, ಪಿನ್ನು ಹಿಡಿದು ಒಬ್ಬ ಗೆಳತಿ ಹತ್ತಿರದಲ್ಲೇ ಇದ್ದರೆ ಸಾಕು.

ಹಿರಿಯರ ಫೋಟೋಗಳನ್ನು ಬೆಳಿಗ್ಗೆಯೇ, ಅವರು ದಣಿಯುವ ಮೊದಲು, ಹಗಲ ಬೆಳಕಿನಲ್ಲಿ ಕೈಯಾಲೆಯಲ್ಲಿ ಕೂರಿಸಿ ತೆಗೆಸಿ. ಒಬ್ಬೊಬ್ಬರದೂ ಬೇರೆ ಬೇರೆ. ಇದನ್ನು ಪಟ್ಟಿಯಲ್ಲಿ ಮೊದಲು ಬರೆಯಿರಿ. ಗದ್ದಲದಲ್ಲಿ ಮರೆತುಹೋಗುವುದು ಇದೇ.

ಎಲ್ಲ ಫೋಟೋ ತಿದ್ದುವ ಮುಂಚೆ ಹತ್ತು ಚಿತ್ರ ಮಾತ್ರ ಮಾದರಿಗೆ ತಿದ್ದಿ ಕಳಿಸಲು ಹೇಳಿ. ಮದುಮಗಳು, ಅಮ್ಮ, ಅಜ್ಜಿ, ಒಂದು ಗುಂಪು, ಒಂದು ರಾತ್ರಿಯ ಚಿತ್ರ ಅದರಲ್ಲಿರಲಿ. ಫೋನ್‌ನಲ್ಲಿ ಬೇಡ, ಲ್ಯಾಪ್‌ಟಾಪ್‌ನಲ್ಲಿ ದೊಡ್ಡದಾಗಿ ನೋಡಿ. ಮೂಲ ಚಿತ್ರದ ಪಕ್ಕ ಇಟ್ಟು ನೋಡಿ. ಬೇಡವಾದದ್ದನ್ನು ಆಗಲೇ ಹೇಳಿ, ಆಲ್ಬಂ ಪ್ರಿಂಟ್ ಆದ ಮೇಲೆ ಹೇಳಿ ಪ್ರಯೋಜನವಿಲ್ಲ.

ಮೂಲ ಫೈಲ್‌ಗಳನ್ನು ಎರಡು ಹಾರ್ಡ್ ಡಿಸ್ಕ್‌ನಲ್ಲಿ ಇಡಿ, ಒಂದು ತಾಯಿ ಮನೆಯಲ್ಲಿ, ಒಂದು ಗಂಡನ ಮನೆಯಲ್ಲಿ. ಆಲ್ಬಂನ್ನು ಅಟ್ಟಕ್ಕೆ ಹಾಕಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿದು ಪುಟಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಕಕ್ಕಡ (ಜೋರು ಮಳೆಯ ಆಟಿ ತಿಂಗಳು) ಕಳೆದು ಬಿಸಿಲು ಬಂದ ದಿನ ಹೊರಗೆ ತೆಗೆದು, ನೆರಳಲ್ಲಿ ಒಂದೊಂದೇ ಪುಟ ಬಿಡಿಸಿ ಗಾಳಿಗೆ ಇಡಿ.